ಮೊದಲ ಹೀರೇಕಾಯಿ

ಕರೆಂಟ್ ಮೀಟರ್ ಓದಲು ಮಸರಕಲ್ ಊರಿನ ಒಂದು ಮನೆಗೆ ಹೋಗಿದ್ದೆ. ಬಿಲ್ ಕೈಗೆ ಕೊಡುವ ಮೊದಲೇ ಆ ಮನೆಯ ಅಜ್ಜಿ ನನ್ನ ಮುಂದೆ ತಾಟು ಇಟ್ಟಳು. ಹಿತ್ತಲ ಹೀರೇಕಾಯಿ ಹಾಕಿ ಕುದಿಸಿದ ತೊಗರಿಬೇಳೆ, ಜೊತೆಗೆ ರೊಟ್ಟಿ.

"ಊಟ ಆಗ್ಯಾದ ಯವ್ವಾ," ಅಂದೆ.

"ಆಗಿದ್ರೂ ಒಂದ್ ತುತ್ತು ಉಣ್ರಿ. ಬಳ್ಳಿಯ ಮೊದಲ ಕಾಯಿ ಹೊರಗಿನವರು ಉಣ್ಣೋತನಕ ನಾವು ನಾಲಿಗಿಗೆ ಹಚ್ಚಂಗಿಲ್ಲ."

ಅವಳ ಹಿಂದೆ ಮಗ, ಸೊಸೆ ಖಾಲಿ ತಾಟು ಹಿಡಿದು ಕಾಯುತ್ತಿದ್ದರು. ಕೂತೆ. ಬಾಯಿಗಿಟ್ಟರೆ ಬೇವಿನಂಥ ಕಹಿ. ಹೆಚ್ಚುವಾಗ ಒಂದು ಚೂರು ಕಚ್ಚಿ ನೋಡಿದ್ದರೆ ಗೊತ್ತಾಗುತ್ತಿತ್ತು. ಆದರೆ ಅವರು ಕಚ್ಚಿ ನೋಡುವಂತಿರಲಿಲ್ಲ, ಅದಕ್ಕೇ ನಾನು ಬೇಕಾಗಿದ್ದೆ.

"ಹೆಂಗದರೀ?" ಎಂದಳು ಅಜ್ಜಿ. ಅವಳೇ ನೀರು ಹಾಕಿ ಬೆಳೆಸಿದ ಬಳ್ಳಿ.

"ಚಲೋ ಆಗ್ಯಾದ."

ಎಲ್ಲರೂ ಬಡಿಸಿಕೊಂಡರು. ಮೊದಲ ತುತ್ತಿಗೇ ಮಗ ನನ್ನ ಮುಖ ನೋಡಿದ, ಸೊಸೆ ನೆಲ ನೋಡಿದಳು. ಅಜ್ಜಿ ಮಾತ್ರ ನಿಧಾನಕ್ಕೆ ಅಗಿದು ನುಂಗಿ, ಸೌಟು ಹಿಡಿದು ನನ್ನ ಕಡೆಗೆ ಬಂದಳು.

"ನಿಮಗ ಸೇರ್ಯಾದಲ್ರೀ. ಉಳಿದದ್ದೂ ಹಾಕ್ತೀನಿ, ತಾಟು ಹಿಡೀರಿ."

ಹಿಡಿದೆ. ಈಗ ಯಾವ ಮನೆಗೆ ಹೋದರೂ ಮೀಟರಿಗಿಂತ ಮೊದಲು ಹಿತ್ತಲ ಬಳ್ಳಿ ನೋಡುತ್ತೇನೆ. ಬರೀ ಹೂವಿದ್ದರೆ ನಿರಾಳವಾಗಿ ಬಾಗಿಲು ಬಡಿಯುತ್ತೇನೆ.