ಫಿದ್ದಾ ಖಾಲಾಳ ಅರ್ಧ ದಿನದ ಅತಿಥಿ

ಸಾಲ್ತ್ ಊರಿನ ನಮ್ಮ ಮೆಟ್ಟಿಲು ಬೀದಿ ಎಷ್ಟು ಕಡಿದಾಗಿದೆಯೆಂದರೆ, ಕೆಳಗಿನಿಂದ ಹೊರಟ ಮದುಮಗ ಮೇಲೆ ಮುಟ್ಟುವಷ್ಟರಲ್ಲಿ ತಾತನಾಗಿರುತ್ತಾನೆ. ಅದರ ತುದಿಯಲ್ಲಿ ಗೋಡೆಗೆ ಗೋಡೆ ಅಂಟಿದ ಎರಡು ಮನೆ. ಒಂದು ಉಮ್ ಹಿಶಾಮಳದು, ಮಕ್ಕಳು ಮರಿ ತುಂಬಿ ತುಳುಕುವುದು. ಇನ್ನೊಂದು ಫಿದ್ದಾಳದು. ಹಿಶಾಮನ ತಾಯಿ ಉಮ್ ಹಿಶಾಮ್, ನಾಯೆಫನ ತಂದೆಯಾದ ನಾನು ಅಬು ನಾಯೆಫ್, ಹೀಗೆ ಮಗನ ಹೆಸರು ಹಿಡಿದು ಹೆತ್ತವರನ್ನು ಕರೆಯುವ ಊರು ನಮ್ಮದು. ಫಿದ್ದಾಗೆ ಮಕ್ಕಳಾಗಲಿಲ್ಲ, ಹಾಗಾಗಿ ಎಲ್ಲರಿಗೂ ಖಾಲಾ, ಅಂದರೆ ಚಿಕ್ಕಮ್ಮ. ವರಸೆಯಲ್ಲಿ ಮೈದುನನಾಗಬೇಕಾದ ನನಗೂ ಖಾಲಾ.

ಗಂಡ ತೀರಿಕೊಂಡ ಮೇಲೆ ಆಕೆಗೆ ಮಾತಿಗೆ ಸಿಕ್ಕಿದ್ದು ರೇಡಿಯೋ. ವಾರ್ತೆ ಓದುವವನು ಸಲಾಂ ಹೇಳಿದರೆ ತಿರುಗಿ ಸಲಾಂ ಹೇಳಿ, ಅವನ ಹೆಂಡತಿ ಮಕ್ಕಳ ಯೋಗಕ್ಷೇಮ ವಿಚಾರಿಸುತ್ತಿದ್ದಳು. ಅವನು ಉತ್ತರ ಕೊಡದೆ ಯುದ್ಧದ ಸುದ್ದಿಗೆ ಇಳಿದನೆಂದು ವಾರಗಟ್ಟಲೆ ಮುನಿಸು. ಅಡುಗೆ ಮಾತ್ರ ಒಂದು ದಂಡಿಗಾಗುವಷ್ಟು. ಮಿಕ್ಕಿದ್ದೆಲ್ಲ ಮೆಟ್ಟಿಲ ಬುಡದಲ್ಲಿರುವ ನನ್ನ ಅಂಗಡಿಗೆ ಇಳಿಯುತ್ತಿತ್ತು. ಈ ಹೊಟ್ಟೆ ಅಂಗಡಿಯ ಬಾಗಿಲಿಗಿಂತ ಅಗಲವಾದದ್ದು ಹೀಗೆ.

ಆ ವಸಂತದಲ್ಲಿ ಫಿನ್‌ಲೆಂಡ್ ದೇಶದ ಶಾಲಾ ಹುಡುಗಿಯರು ನಮ್ಮೂರ ಶಾಲೆಗೆ ಬಂದರು. ಒಂದೊಂದು ಮನೆಯಲ್ಲಿ ಒಬ್ಬೊಬ್ಬಳು, ಒಂದು ವಾರ. ಐನೋ ಎಂಬವಳು ಉಮ್ ಹಿಶಾಮಳ ಮಗಳ ಜೊತೆ ಇರಬೇಕಿತ್ತು. ಕರೆತಂದ ಟೀಚರ್ ರಿಹಾಬ್ ಅರ್ಧ ಮೆಟ್ಟಿಲಿಗೇ ದಮ್ಮು ಹತ್ತಿ, ಮೇಲಕ್ಕೆ ಕೈ ತೋರಿಸಿ ಕುಸಿದು ಕೂತಳು. ಹುಡುಗಿ ಹತ್ತಿ ಹೋಗಿ ಮೊದಲು ಸಿಕ್ಕ ಬಾಗಿಲು ತಟ್ಟಿದಳು. ಅದು ಖಾಲಾಳ ಬಾಗಿಲು.

ಬಂದ ಅತಿಥಿಯನ್ನು ಮೂರು ದಿನ ಯಾಕೆ ಬಂದೆ ಎಂದು ಕೇಳಕೂಡದು. ಅದು ನಮ್ಮ ಅಜ್ಜಂದಿರ ಕಟ್ಟಳೆ. ಖಾಲಾ ಹೆಸರನ್ನೂ ಕೇಳದೆ ಚೀಲ ಇಳಿಸಿಕೊಂಡು ಚಹಾಕ್ಕಿಟ್ಟಳು.

ಮಧ್ಯಾಹ್ನ ಉಮ್ ಹಿಶಾಮ್ ಏದುಸಿರು ಬಿಡುತ್ತ ಬಂದಳು. ತಮಾಷೆ ನೋಡಲು ನಾನೂ ಹತ್ತಿದೆ.

"ಖಾಲಾ, ನಮ್ಮ ಹುಡುಗಿ ನಿಮ್ಮನೇಲಿದಾಳೆ!"

"ನಿನ್ನ ಹುಡುಗೀನಾ? ಯಾವಾಗ ಹೆತ್ತೆ ಇವಳನ್ನ?"

"ಅಯ್ಯೋ, ಶಾಲೆಯೋರು ನಮಗೆ ಅಂತ ಕಳಿಸಿದ್ದು. ಬಾಗಿಲು ತಪ್ಪಿ ಬಂದಿದಾಳೆ. ಒಂದ್ಮಾತು ಕೇಳ್ಬಾರ್ದಿತ್ತಾ?"

"ಹೊಸಿಲಿಗೆ ಬಂದೋಳನ್ನ ಯಾಕ್ ಬಂದೆ ಅಂತ ಕೇಳೋದಾ? ಅಷ್ಟೊಂದು ಮಾನ ಬಿಟ್ಟಿಲ್ಲಮ್ಮ ನಾನು. ಮೂರು ದಿನ ಕಳೀಲಿ, ಕೇಳ್ತೀನಂತೆ."

ಉಮ್ ಹಿಶಾಮ್ ಹೊಸಿಲಿನಿಂದ ಹಿಂದೆ ಸರಿದಳು. ಒಬ್ಬರ ಮನೆಯ ಅತಿಥಿಯನ್ನು ಎಳೆದೊಯ್ದವರು ಊರಲ್ಲಿ ಮುಖ ಎತ್ತುವಂತಿಲ್ಲ. ಅವಳ ಹಿಂದೆ ಹತ್ತಿ ಬಂದಿದ್ದ ಟೀಚರ್ ಕೂಡ ಇದೇ ಊರಿನವಳು, ಬಂದ ಮೆಟ್ಟಿಲನ್ನೇ ಇಳಿದಳು. ಹುಡುಗಿ ಬಾಗಿಲು ತಪ್ಪಿದವಳೆಂದು ಖಾಲಾಗೆ ಆಗಲೇ ಗೊತ್ತಿತ್ತು. ನನಗೆ ಆಕೆಯ ಮುಖವೇ ಹೇಳಿತು. ಆದರೆ ಮೂರು ದಿನ! ಆ ಮನೆಯೊಳಗೆ ಇನ್ನೊಂದು ಜೀವ ಮೂರು ದಿನ ಕೆಮ್ಮುತ್ತದೆ, ಓಡಾಡುತ್ತದೆ.

ಖಾಲಾ ಬಡಿಸಿದ ಅನ್ನದ ಗುಡ್ಡದ ಹಿಂದೆ ನನಗೆ ಹುಡುಗಿಯ ಹೊಂಗೂದಲಷ್ಟೇ ಕಾಣುತ್ತಿತ್ತು. ಪಾಪ, ಮರ್ಯಾದೆಗೆ ತಿಂದೇ ತಿಂದಳು.

ಸಂಜೆ ಅವಳಿಗೆ ಮತ್ತೆ ಬಡಿಸಿದ್ದಾಗ ಗೋಡೆಯಾಚೆ ನಗು ಎದ್ದಿತು. ಬೇರೆ ಮನೆಗಳ ಅತಿಥಿ ಹುಡುಗಿಯರೂ ಅಲ್ಲಿ ಸೇರಿದ್ದರು. ಐನೋಳ ಚಮಚ ನಿಂತಿತು. ಗೋಡೆಯ ಕಡೆ ಕಿವಿ ಕೊಟ್ಟಳು. ಖಾಲಾ ನೋಡುತ್ತಿದ್ದಾಳೆಂದು ಗೊತ್ತಾಗಿ ಅವಸರದಲ್ಲಿ ನಕ್ಕು ಮತ್ತೆ ತಿನ್ನತೊಡಗಿದಳು. ಖಾಲಾ ರೇಡಿಯೋ ಜೋರು ಮಾಡಿದಳು. ನಗು ಅದನ್ನೂ ಮೀರಿತು. ಹುಡುಗಿ ಈಗ ತಲೆ ಎತ್ತಲೇ ಇಲ್ಲ.

ಖಾಲಾ ರೇಡಿಯೋ ಬಂದ್ ಮಾಡಿದಳು. ಹುಡುಗಿಯೆದುರು ಕುಕ್ಕರುಗಾಲಲ್ಲಿ ಕೂತಳು.

"ಏನ್ ಬೇಕಮ್ಮ ನಿಂಗೆ? ಯಾಕ್ ಬಂದೆ?"

ಅಜ್ಜಂದಿರ ಕಟ್ಟಳೆ ಅರ್ಧ ದಿನಕ್ಕೇ ಮುರಿಯಿತು. ಹುಡುಗಿಗೆ ಮಾತು ತಿಳಿಯಲಿಲ್ಲ, ಕೇಳಿದ್ದೇನೆಂದು ಮಾತ್ರ ತಿಳಿಯಿತು. ಕಿವಿಯವರೆಗೂ ಕೆಂಪಾಗಿ ಗೋಡೆಯತ್ತ ಬೆರಳು ತೋರಿಸಿದಳು.

ಚೀಲವನ್ನು ಖಾಲಾ ತಾನೇ ಹೊತ್ತಳು. ಪಕ್ಕದ ಬಾಗಿಲಲ್ಲಿ ಉಮ್ ಹಿಶಾಮ್, "ನೀವೂ ಒಳಗ್ ಬನ್ನಿ ಖಾಲಾ, ಎಲ್ಲ ಒಟ್ಟಿಗೆ ಉಣ್ಣೋಣ," ಎಂದು ಕೈ ಹಿಡಿದಳು.

"ಒಲೆ ಮೇಲೆ ಇಟ್ ಬಂದಿದೀನಿ ಕಣೇ," ಎಂದಳು ಖಾಲಾ. ಒಲೆ ಆರಿ ಎಷ್ಟೋ ಹೊತ್ತಾಗಿತ್ತು.

ಖಾಲಾಳ ಮನೆಯಲ್ಲಿ ಕಿಟಕಿಯ ಪಕ್ಕ ಹುಡುಗಿಗೆಂದು ಹೊಸ ಹಾಸಿಗೆ ಹಾಸಿತ್ತು.

"ಅಬು ನಾಯೆಫ್, ಇದನ್ನ ಅಟ್ಟಕ್ಕೆ ಎತ್ತಿಡಯ್ಯ."

ನಾನು ಬಗ್ಗಿ ಒಂದು ಮೂಲೆ ಹಿಡಿದೆ.

"ಬಿಡು, ಬಿಡು. ನಿನ್ನ ಸೊಂಟ ಉಳುಕೀತು," ಎಂದು ಆಕೆ ಹಾಸಿಗೆಯ ಅಂಚಿನಲ್ಲಿ ಕೂತು, ಮೇಲಿನ ಹೊದಿಕೆಯ ಸುಕ್ಕು ತೀಡತೊಡಗಿದಳು. ಅದರಲ್ಲಿ ಸುಕ್ಕೇ ಇರಲಿಲ್ಲ.