ಸಾಲಿನ ಕೊನೆಯವನ ಹಿಂದೆ

ನಂಬಿ ಎಂದು ನಾನು ಯಾರ ಕೈಕಾಲೂ ಹಿಡಿಯುವುದಿಲ್ಲ. ದೆವ್ವದ ಕತೆ ಹೇಳುವವರನ್ನು ಕಂಡರೆ ನನಗೇ ಮೈ ಉರಿಯುತ್ತದೆ. ರಾತ್ರಿ ಎರಡು ಗ್ಲಾಸ್ ಹೆಚ್ಚಾದವನಿಗೆ ಬಿಳಿ ಸೀರೆ ಕಾಣುತ್ತದೆ, ಬೆಳಿಗ್ಗೆ ಎದ್ದು ತಾನೇ ಅದಕ್ಕೆ ಗೆಜ್ಜೆ ಕಟ್ಟುತ್ತಾನೆ. ಆದರೆ ನನಗೆ ಆದದ್ದು ಬೆಳಗಿನ ಜಾವದಲ್ಲಿ. ಹೊಟ್ಟೆಯಲ್ಲಿ ಒಂದು ಬಾಳೆಹಣ್ಣು ಬಿಟ್ಟರೆ ಏನೂ ಇರಲಿಲ್ಲ. ಕಿವಿ ಎರಡೂ ನೆಟ್ಟಗಿದ್ದವು, ಈಗಲೂ ನೆಟ್ಟಗಿವೆ.

ನಾನು ಪಿಂಪ್ರಿ-ಚಿಂಚವಾಡದ ಒಂದು ಗೇರ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಊರು ಕಲಬುರಗಿ ಕಡೆ, ಹೆಸರು ಮಲ್ಲಣ್ಣ. ಭಾನುವಾರ ಬಂದರೆ ಸೈಕಲ್ ಹತ್ತಿ ಪುಣೆಯ ಹೊರಗೆ ಲಾರಿ ಬಸ್ಸು ಇಲ್ಲದ ರಸ್ತೆ ಹುಡುಕುತ್ತೇನೆ. ಕೆರೆ ದಂಡೆಯ ದಾರಿ, ಜೋಳದ ಹೊಲದ ನಡುವಿನ ದಾರಿ, ಹೊಸ ಹೆದ್ದಾರಿ ಬಂದ ಮೇಲೆ ಎಲ್ಲರೂ ಮರೆತ ಹಳೇ ಘಾಟಿ ರಸ್ತೆ. ಹುಡುಕಿದ ದಾರಿಯಲ್ಲಿ ನಮ್ಮ ಐದು ಜನ ಕನ್ನಡದವರ ಗುಂಪನ್ನು ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಅವರು ಮಾಡುವುದೇನು? ಸೂರ್ಯ ಹುಟ್ಟುವಾಗ ಸೈಕಲ್ ಎತ್ತಿ ಹಿಡಿದು ಫೋಟೊ. ಸೂರ್ಯನಿಗೇ ನಾಚಿಕೆಯಾಗಬೇಕು.

ಅವರಲ್ಲೆಲ್ಲ ನನ್ನ ತಲೆ ಹೆಚ್ಚು ತಿಂದವರು ಶೆಟ್ಟರು. ಹಡಪಸರದಲ್ಲಿ ಹೋಟೆಲ್, ಕುಂದಾಪುರ ಕಡೆಯವರು, ಅರವತ್ತರ ಹತ್ತಿರ. ಡಾಕ್ಟರು ಹೊಟ್ಟೆ ಕರಗಿಸಿ ಎಂದರಂತೆ, ಇವರು ಹೋಗಿ ಅಂಗಡಿಯಲ್ಲೇ ಎಲ್ಲಕ್ಕಿಂತ ದುಬಾರಿ ಸೈಕಲ್ ತಂದರು. ದುಡ್ಡು ಕರಗಿತೇ ಹೊರತು ಹೊಟ್ಟೆ ಕರಗಲಿಲ್ಲ. ನಾಲ್ಕು ಗಂಟೆಗೆ ಹೋಟೆಲ್ಲಿನ ಒಲೆ ಹೊತ್ತಿಸಿಯೇ ಬರುತ್ತಿದ್ದರು, ಹಾಗಾಗಿ ಅವರ ಜಾಕೆಟ್ಟಿಗೆ ಯಾವಾಗಲೂ ಕಾಫಿ ಡಿಕಾಕ್ಷನ್ ವಾಸನೆ. ನೂರು ಮಾರು ತುಳಿದರೆ ಪೆಡಲ್ ನಿಲ್ಲಿಸಿಬಿಡುವರು. ಪೆಡಲ್ ನಿಂತಾಗಲೆಲ್ಲ ಹಿಂದಿನ ಚಕ್ರದ ಆ ದುಬಾರಿ ಫ್ರೀವೀಲ್ ಟಿಕ್ ಟಿಕ್ ಟಿಕ್ ಎನ್ನುವುದು. ಆ ಸದ್ದು ಕೇಳಿದರೆ ಸಾಕು, ನಾನು ಹಲ್ಲು ಕಡಿಯುತ್ತಿದ್ದೆ.

ಕತ್ತಲಲ್ಲಿ ಹೋಗುವಾಗ ನಮ್ಮದೊಂದು ಪದ್ಧತಿ ಇದೆ. ರಸ್ತೆಯಲ್ಲಿ ಗುಂಡಿ ಕಂಡರೆ ಮುಂದಿನವನು ಮರಾಠಿಯಲ್ಲಿ ‘ಖಡ್ಡಾ’ ಎಂದು ಕೂಗಬೇಕು, ಹಿಂದಿನವನು ಅದನ್ನೇ ಕೂಗಿ ತನ್ನ ಹಿಂದಿನವನಿಗೆ ದಾಟಿಸಬೇಕು. ಹೀಗೆ ಕೂಗು ಸಾಲಿನ ಕೊನೆಯವನ ತನಕ ಹೋಗುತ್ತದೆ. ಆ ಕೊನೆಯವನಿಗೆ ನಾವು ‘ಬಾಲ’ ಎನ್ನುತ್ತೇವೆ. ಬಾಲದವನಿಗೆ ಒಂದೇ ನಿಯಮ: ಯಾರನ್ನೂ ದಾಟಿ ಮುಂದೆ ಹೋಗುವ ಹಾಗಿಲ್ಲ, ಎಷ್ಟೇ ನಿಧಾನವಾಗಲಿ. ನಿಯಮ ಮಾಡಿದವನು ನಾನೇ.

ಶೆಟ್ಟರ ಬಾಯಲ್ಲಿ ಖಡ್ಡಾ ಬರುತ್ತಿರಲಿಲ್ಲ. “ಗುಂಡಿ ಉಂಟು ಮಾರಾಯ್ರೆ” ಎನ್ನುವರು. ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಚಕ್ರ ಗುಂಡಿಯಲ್ಲಿರುತ್ತದೆ ಎಂದು ಎಲ್ಲರ ಮುಂದೆ ಎಷ್ಟು ಸಲ ಬೈದೆನೋ. ನಗುವರು, ಮುಂದಿನ ಗುಂಡಿಗೆ ಮತ್ತೆ ಅದೇ.

ಆ ದಿನ ಚಳಿಗಾಲದ ಭಾನುವಾರ. ಕಾತ್ರಜದ ಹಳೇ ಘಾಟಿ ಇಳಿದು, ಹೆದ್ದಾರಿ ಬಿಟ್ಟು ಎಡಕ್ಕೆ ಹೊರಳಿದೆವು. ನಾನೇ ಹುಡುಕಿದ ಹೊಸ ದಾರಿ. ಹಳ್ಳದ ಮೇಲಿನ ಒಂದು ಮೋರಿ ದಾಟಿದರೆ ಅಲ್ಲಿಂದ ಬರೀ ಏರು, ಮೇಲೆ ಗುಡ್ಡದ ನೆತ್ತಿಯಲ್ಲಿ ಬೆಳಗಾಗುವುದನ್ನು ನೋಡಬೇಕು. ಮೂವರು ಮುಂದೆ, ಅವರಲ್ಲಿ ಎಲ್ಲರಿಗಿಂತ ಮುಂದೆ ಬಸವರಾಜ. ಆಮೇಲೆ ಶೆಟ್ಟರು. ಬಾಲಕ್ಕೆ ನಾನು.

ಮೋರಿಗೆ ಇನ್ನೂ ಸ್ವಲ್ಪ ದೂರ ಇರುವಾಗಲೇ ಶೆಟ್ಟರು ನಡೆಯುವವರಿಗಿಂತ ನಿಧಾನವಾದರು. ಟಿಕ್ ಟಿಕ್ ಟಿಕ್... ಮುಂದಿನ ಮೂವರ ಕೆಂಪು ದೀಪಗಳು ಏರಿನ ತಿರುವಿನಲ್ಲಿ ಮಾಯವಾದವು. ಬೆಳಗಾಗುವುದು ಇವರಿಗಾಗಿ ಕಾಯುತ್ತದೆಯೇ? ನನ್ನ ತಾಳ್ಮೆ ಹರಿಯಿತು.

“ನಾ ಮುಂದ ಹೊಂಟೀನ್ರಿ ಶೆಟ್ರ. ನೀವ್ ಹಿಂದ ಬರ್ರಿ. ಖಡ್ಡಾ ಅಂದಾಗ ಓ ಅನ್ರಿ, ಸಾಕು.”

“ಕತ್ತಲೆ ಉಂಟಲ್ಲ ಮಲ್ಲಣ್ಣ,” ಎಂದರು. ಅದು ಬೇಡಿಕೊಂಡದ್ದು ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಗೊಣಗಾಟದ ಹಾಗೆ ಕೇಳಿತು. ನಾನು ಅವರನ್ನು ದಾಟಿ ಹೋದೆ. ಹಿಂದೆ ತಿರುಗಿ ನೋಡುವುದೇಕೆ, ಕೂಗು ಕೇಳಿದರೆ ಬರುತ್ತಿದ್ದಾರೆ ಎಂದೇ ಅರ್ಥವಲ್ಲವೇ ಎಂದು ಲೆಕ್ಕ ಹಾಕಿದೆ.

ಮೋರಿಯ ಮೇಲೆ ದೊಡ್ಡ ಗುಂಡಿ ಇತ್ತು. ಕೂಗಿದೆ. “ಖಡ್ಡಾ...”

ಹಿಂದಿನಿಂದ ಬಂತು. “ಗುಂಡಿ ಉಂಟು ಮಾರಾಯ್ರೆ...”

ಸರಿ, ಬರುತ್ತಿದ್ದಾರೆ. ನಾನು ಏರು ಹತ್ತಿದೆ.

ಎರಡನೇ ಗುಂಡಿ, ಮೂರನೆಯದು, ನಾಲ್ಕನೆಯದು. ಪ್ರತಿ ಸಲವೂ ಬೆನ್ನ ಹಿಂದೆ ಅದೇ ಉತ್ತರ. ನಾನು ಬೇಕೆಂದೇ ಜೋರಾಗಿ ತುಳಿದೆ. ದನಿ ಹಿಂದೆ ಬೀಳಲಿಲ್ಲ. ಹತ್ತು ಮಾರು ದೂರದಲ್ಲಿತ್ತು, ಹತ್ತೇ ಮಾರು ದೂರದಲ್ಲಿ ಉಳಿಯಿತು. ಇನ್ನೂ ಒಂದು ವಿಷಯ... ಆ ದನಿಗೆ ಏದುಸಿರು ಇರಲಿಲ್ಲ. ಮೆಟ್ಟಿಲು ಹತ್ತಿದರೂ ಏದುವ ಶೆಟ್ಟರು, ಘಾಟಿಯ ಏರಿನಲ್ಲಿ ಗಲ್ಲಾದ ಮೇಲೆ ಕೂತು ಮಾತಾಡಿದಂತೆ ಮಾತಾಡುತ್ತಿದ್ದರು.

ಹೆದರಿಕೆ ಆಯಿತೇ ಎಂದು ಕೇಳಬೇಡಿ. ಆದದ್ದು ಸಿಟ್ಟು. ಇಷ್ಟು ದಿನ ಈ ಮನುಷ್ಯ ನಾಟಕ ಮಾಡುತ್ತಿದ್ದನಲ್ಲ, ಶಕ್ತಿ ಇಟ್ಟುಕೊಂಡೇ ನಮ್ಮೆಲ್ಲರನ್ನೂ ಕಾಯಿಸಿದನಲ್ಲ ಎಂದು ಮನಸ್ಸಿನಲ್ಲೇ ಬೈದೆ. ಮೇಲೆ ಹೋಗಿ ಎಲ್ಲರ ಮುಂದೆ ಏನು ಹೇಳಬೇಕು ಎನ್ನುವುದನ್ನೂ ಜೋಡಿಸಿಕೊಂಡೆ.

ಆಗ ಕಾಫಿಯ ವಾಸನೆ ಬಂತು. ತಣ್ಣನೆ ಗಾಳಿಯಲ್ಲಿ, ಕಿವಿಯ ಹಿಂದೆಯೇ ನಿಂತ ಹಾಗೆ. ಅದರ ಜೊತೆ ಸದ್ದು.

ಟಿಕ್ ಟಿಕ್ ಟಿಕ್ ಟಿಕ್...

ಕಾಲು ತನ್ನಷ್ಟಕ್ಕೆ ನಾಲ್ಕು ಸುತ್ತು ತುಳಿದ ಮೇಲೆ ನನ್ನ ತಲೆಗೆ ಹೊಳೆಯಿತು. ಫ್ರೀವೀಲ್ ಸದ್ದು ಮಾಡುವುದು ಪೆಡಲ್ ನಿಲ್ಲಿಸಿದಾಗ. ಇಷ್ಟು ಕಡಿದಾದ ಏರಿನಲ್ಲಿ ಪೆಡಲ್ ನಿಲ್ಲಿಸಿದರೆ ಸೈಕಲ್ ಎರಡು ಮಾರು ಹೋಗದೆ ಉರುಳುತ್ತದೆ. ಈ ಸದ್ದು ನಿಲ್ಲಲೇ ಇಲ್ಲ. ಯಾರೋ ಪೆಡಲ್ ತುಳಿಯದೆಯೇ ನನ್ನ ಹಿಂದೆ ಗುಡ್ಡ ಹತ್ತುತ್ತಿದ್ದರು.

ಬ್ರೇಕ್ ಹಿಡಿದು ಕಾಲು ಊರಿದೆ. ಸದ್ದು ನಿಂತಿತು. ಬಹಳ ಹೊತ್ತಾದ ಮೇಲೆ ಕತ್ತು ತಿರುಗಿಸಿ ಟಾರ್ಚ್ ಬಿಟ್ಟೆ. ಖಾಲಿ ರಸ್ತೆ. ಎರಡೂ ಕಡೆ ಒಣಹುಲ್ಲು, ನೆಟ್ಟಗೆ ಕೆಳಗಿಳಿದ ಡಾಂಬರು, ಒಂದು ನಾಯಿಯೂ ಇಲ್ಲ.

ಶೆಟ್ಟರ ಹೆಸರು ಹಿಡಿದು ಕೂಗಿದೆ. ಉತ್ತರವಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಸೈಕಲ್ ತಿರುಗಿಸಿ ಇಳಿದೆ. ಇಳಿಯುವಾಗ ಪ್ರತಿ ಗುಂಡಿಯ ಹತ್ತಿರ ಟಾರ್ಚ್ ಬಿಟ್ಟೆ. ಅವರು ಓಗೊಟ್ಟ ಗುಂಡಿಗಳು ಅವೇ, ಅಲ್ಲಿ ಎಲ್ಲೂ ಅವರಿರಲಿಲ್ಲ.

ಸಿಕ್ಕಿದ್ದು ಮೋರಿಯ ಕೆಳಗೆ. ನಾನು ಅವರನ್ನು ದಾಟಿ ಬಂದ ಮೇಲಿನ ಮೊದಲನೇ ಗುಂಡಿ ಅದು. ಸೈಕಲ್ಲಿನ ಹಿಂದಿನ ಕೆಂಪು ದೀಪ ಹುಲ್ಲಿನಲ್ಲಿ ಮಿನುಗುತ್ತಿತ್ತು. ಶೆಟ್ಟರು ಅಂಗಾತ ಬಿದ್ದಿದ್ದರು, ತುಟಿ ನೀಲಿಯಾಗಿತ್ತು, ಜಾಕೆಟ್ಟಿನ ತೋಳು ರಕ್ತದಲ್ಲಿ ತೊಯ್ದಿತ್ತು. ಸತ್ತೇ ಹೋಗಿದ್ದಾರೆ ಎಂದುಕೊಂಡೆ. ದೇವರಾಣೆಗೂ ನನ್ನ ಮೊದಲ ಯೋಚನೆ, ಇವರ ಹೆಂಡತಿಗೆ ನಾನು ಏನು ಹೇಳಲಿ ಎನ್ನುವುದಾಗಿತ್ತು.

ಟಾರ್ಚ್ ಬೆಳಕಿಗೆ ಕಣ್ಣು ಬಿಟ್ಟರು. ನನ್ನನ್ನು ನೋಡಿ ಅವರಿಗೆ ಆಶ್ಚರ್ಯವೇ ಆಗಲಿಲ್ಲ.

“ಎಲ್ಲಿ ಎದ್ದು ಹೋದದ್ದು ಮಲ್ಲಣ್ಣ? ಇಷ್ಟು ಹೊತ್ತು ಇಲ್ಲೇ ಕೂತಿದ್ರಿ.”

ನಾನು ಮೊಣಕಾಲೂರಿ ಕೂತು ತೊಯ್ದ ತೋಳಿಗೆ ಟಾರ್ಚ್ ಬಿಟ್ಟೆ.

“ನಿದ್ದೆ ಮಾಡ್ಬೇಡಿ ಅಂತ ಎಬ್ಬಿಸ್ತಾ ಇದ್ರಿ. ಅಂಜಬ್ಯಾಡ್ರಿ, ನಾ ಇಲ್ಲೇ ಅದೀನಿ ಅಂತ ಹೇಳ್ತಾ ಇದ್ರಿ. ಈಗ ಎಂತ ಒಮ್ಮೆಲೆ ಹೋದದ್ದು?”

ಅವರ ತಲೆಯ ಕೆಳಗೆ ಅವರದೇ ಬ್ಯಾಗು, ದಿಂಬಿನ ಹಾಗೆ ಮಡಚಿ ಇಟ್ಟಿತ್ತು. ಆಮೇಲೆ ಆಸ್ಪತ್ರೆಯಲ್ಲಿ ಗೊತ್ತಾಯಿತು, ಅವರ ಎರಡೂ ಕೈ ಮುರಿದಿದ್ದವು.

ಹಾಲಿನ ಟೆಂಪೊ ಒಂದು ಬಂತು, ಅದರಲ್ಲೇ ಹಾಕಿಕೊಂಡು ಹೋದೆ. ಆ ಚಳಿಯಲ್ಲಿ, ಅಷ್ಟು ರಕ್ತ ಹೋದ ಮೇಲೆ ನಿದ್ದೆ ಹೋಗಿದ್ದರೆ ಏಳುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಶೆಟ್ಟರ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. ಆಗಲೇ ಹೇಳಬೇಕಿತ್ತು: ಅಕ್ಕಾರ, ನಾ ಅಲ್ಲಿ ಇರಲೇ ಇಲ್ಲ, ನಾನೇ ಬಿಟ್ಟು ಹೋದವನು. ಬಾಯಿ ತೆರೆದೆ. “ಇರ್ಲಿ ಬಿಡ್ರಿ ಅಕ್ಕಾರ” ಎಂದೆ. ದೊಡ್ಡ ಮನುಷ್ಯನ ಹಾಗೆ.

ಮುಂದಿನ ಮೂವರಿಗೂ ಅನುಮಾನ ಬರಲಿಲ್ಲ. ನಾನು ಬಾಲವಲ್ಲವೇ, ಕೊನೆಗೆ ನಾನೇ ಇದ್ದೆ ಎಂದೇ ಅವರ ಲೆಕ್ಕ. ಶೆಟ್ಟರು ಹೋಟೆಲ್ಲಿಗೆ ಬಂದವರಿಗೆಲ್ಲ ಈ ಕತೆ ಹೇಳುತ್ತಾರೆ. ಮಲ್ಲಣ್ಣ ಮೇಲಿಂದ ಒರಟು, ಒಳಗೆ ಬೆಣ್ಣೆ ಎನ್ನುತ್ತಾರೆ. ಅಲ್ಲಿ ನನಗೆ ಕಾಫಿ ಕೊಟ್ಟರೆ ಅರ್ಧಕ್ಕೇ ಬಿಟ್ಟು ಏಳುತ್ತೇನೆ. ಜನ್ಮದಲ್ಲಿ ಎಷ್ಟು ಜನರನ್ನು ನೋಡಿ ಥೂ ಎಂದಿದ್ದೇನೋ ಲೆಕ್ಕವಿಲ್ಲ, ಈಗ ಕನ್ನಡಿ ನೋಡಿದರೂ ಅದೇ ಬಾಯಿಗೆ ಬರುತ್ತದೆ.

ಕೈ ಕೂಡಿದ ಮೇಲೆ ಶೆಟ್ಟರು ಹಟ ಹಿಡಿದರು. ಅದೇ ದಾರಿ ಹತ್ತಬೇಕು, ಬೆಳಗಾಗುವುದನ್ನು ನೋಡಬೇಕು, ಹಿಂದೆ ಮಲ್ಲಣ್ಣ ಇರಬೇಕು. ಅವರ ಹೆಂಡತಿಯೂ ಮಲ್ಲಣ್ಣ ಇದ್ದರೆ ಹೋಗಲಿ ಎಂದರಂತೆ. ಮೋರಿಯ ಹತ್ತಿರ ನಿಜ ಹೇಳಿಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಹೋದೆ. ನಾವಿಬ್ಬರೇ. ಈ ಸಲ ಅವರು ಎಷ್ಟು ನಿಧಾನವಾದರೂ ನಾನು ಹಿಂದೆಯೇ ಉಳಿದೆ.

ಮೋರಿ ಬಂತು. ಶೆಟ್ಟರು ಕೂಗಿದರು. “ಗುಂಡಿ ಉಂಟು ಮಾರಾಯ್ರೆ.”

ನಾನು ಓಗೊಡಬೇಕು. ಮೊದಲು ನಿಜ ಹೇಳಲೋ, ಓಗೊಡಲೋ ಎಂದು ತಡವರಿಸಿದೆ.

ನನ್ನ ಬೆನ್ನ ಹಿಂದಿನಿಂದ, ಹತ್ತು ಮಾರು ದೂರದಿಂದ, ನನ್ನದೇ ದನಿ ಬಂತು.

“ಖಡ್ಡಾ... ಸಾವಕಾಶ ಹೋಗ್ರಿ ಶೆಟ್ರ. ನಾ ಇಲ್ಲೇ ಅದೀನಿ.”

ನಾನು ಆ ಮನುಷ್ಯನೊಂದಿಗೆ ಒಂದು ದಿನವೂ ಅಷ್ಟು ಮೆತ್ತಗೆ ಮಾತಾಡಿಲ್ಲ. ಯಾರೊಂದಿಗೂ ಹಾಗೆ ಮಾತಾಡಿಲ್ಲ.

ಶೆಟ್ಟರು ತಿರುಗಿ ನೋಡದೆಯೇ ಕೈ ಎತ್ತಿದರು. “ಹಾಂ, ಇದೇ ಸ್ವರ ಮಲ್ಲಣ್ಣ, ಆ ದಿನ ಕೇಳಿದ್ದು” ಎಂದು ನೆಮ್ಮದಿಯಿಂದ ಏರು ಹತ್ತಿದರು.

ನಾನು ಅವರಿಗೆ ಇನ್ನೂ ಏನೂ ಹೇಳಿಲ್ಲ. ಆ ಎರಡನೇ ಸಲ ಆ ದನಿಯತ್ತ ನಾನು ಹಿಂದೆ ತಿರುಗಿಯೂ ನೋಡಲಿಲ್ಲ.