ಜೋಳಕ್ಕೆ ಕೈ ಹಾಕುತ್ತಿದ್ದವರು

ಪಿರಿಯಾಪಟ್ಟಣದ ಮುಸುಕಿನ ಜೋಳದ ಮಂಡಿಯೊಂದರಲ್ಲಿ ಒಬ್ಬ ಗುಮಾಸ್ತರಿದ್ದರು. ಅಲ್ಲಿನ ಖರೀದಿಯೆಲ್ಲ ಮೈಸೂರಿನಲ್ಲಿದ್ದ ಯಜಮಾನರ ಫೋನಿನಲ್ಲಿ ಆ ಕ್ಷಣವೇ ಕಾಣುವಂತೆ ವೆಬ್ ಆ್ಯಪ್ ಜೋಡಿಸಲು ನಾನು ಹೋಗಿದ್ದೆ. ಗುಮಾಸ್ತರೋ, ಪ್ರತಿ ಚೀಲಕ್ಕೂ ಮೊಳಕೈವರೆಗೆ ಕೈ ತೂರಿಸಿ, ಒಂದು ಕಾಳು ಕಚ್ಚಿ ನೋಡದೆ ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ. “ಇರಿ ಸಾ, ಕಾಳು ಏನಂತದೋ ಕೇಳವ” ಎನ್ನುತ್ತಿದ್ದರು.

ಈ ತಡ ಸಹಿಸದ ಯಜಮಾನರು ಅವರನ್ನು ಗೇಟು ಕಾಯಲು ಹಾಕಿದರು. ನಾನು ತೂಕದ ಯಂತ್ರವನ್ನೇ ನೇರವಾಗಿ ಆ್ಯಪ್‌ಗೆ ಜೋಡಿಸಿ ಬೀಗಿದೆ. ಮೊದಲ ದಿನವೇ ರಾವಂದೂರಿನ ಲೋಡೊಂದು ಕಣ್ಣು ಮಿಟುಕಿಸುವಷ್ಟರಲ್ಲಿ ಫೋನಿನಲ್ಲಿ ಕಾಣಿಸಿತು. ವಾರದೊಳಗೆ ಗೋದಾಮಿಗೆಲ್ಲ ಬೂಷ್ಟು ಹಿಡಿಯಿತು.

ಅವರನ್ನು ವಾಪಸ್ ಕರೆತರಲು ನಾನೇ ಗೇಟಿಗೆ ಹೋದೆ.

“ಆ ಲೋಡು ಹಸಿ ಅಂತ ನಿಮಗೆ ಗೊತ್ತಿತ್ತಾ?”

“ಲಾರಿ ಒಳಕ್ಕೆ ಬರುವಾಗ್ಲೇ ವಾಸ್ನೇಲಿ ಗೊತ್ತಾಯ್ತು ಕಣ್ರೀ. ಬರಿಯಾಕೆ ಗೇಟಲ್ಲಿ ಕಂಪ್ಯೂಟರ್ ಇರ್ನಿಲ್ವಲ್ಲ” ಎಂದು ಚಪ್ಪಲಿ ಮೆಟ್ಟಿದರು.